ಪೆನಾಂಗ್ ದ್ವೀಪದಲ್ಲಿ ಊಟ: ಎಲ್ಲಿ, ಯಾವ ಹೊತ್ತಿಗೆ, ಏನೆಂದು ಕೇಳಿ ತಿನ್ನಬೇಕು

ಪ್ರಶ್ನೆ: ದಸರಾ ರಜೆಯಲ್ಲಿ ನಾವು ಮನೆಮಂದಿ ಐದು ಜನ ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೋಗುವವರಿದ್ದೇವೆ, ನಾಲ್ಕು ರಾತ್ರಿ ಅಲ್ಲಿರುತ್ತೇವೆ. ನಾನು ಮೀನು, ಕೋಳಿ ತಿನ್ನುತ್ತೇನೆ, ಹಂದಿ ಮತ್ತು ದನದ ಮಾಂಸ ತಿನ್ನುವುದಿಲ್ಲ. ನನ್ನ ಹೆಂಡತಿ ಸಸ್ಯಾಹಾರಿ. ತಾಯಿಯವರು ನವರಾತ್ರಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಮಕ್ಕಳಿಬ್ಬರಿಗೆ ಹೊಸ ರುಚಿ ನೋಡುವ ಆಸೆ. ಬಟು ಫೆರಿಂಗ್ಗಿ ಕಡಲತೀರದ ರೆಸಾರ್ಟಿನಲ್ಲಿ ಮೂರು ಹೊತ್ತಿನ ಊಟವೂ ಸೇರಿದ ಪ್ಯಾಕೇಜ್ ತೆಗೆದುಕೊಳ್ಳುವುದೇ ಒಳ್ಳೆಯದು ಎಂದು ಪ್ರವಾಸದ ಏಜೆಂಟರು ಹೇಳುತ್ತಿದ್ದಾರೆ. ಅದು ಸರಿಯೇ? ಹೊರಗೆ ತಿನ್ನುವುದಾದರೆ ಎಲ್ಲಿ ತಿನ್ನಬೇಕು? (ಓದುಗರು, ಶಿವಮೊಗ್ಗ)

ಉತ್ತರ: ಊಟ ಸೇರಿದ ಪ್ಯಾಕೇಜನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಸಾಧ್ಯವಿದ್ದರೆ ಬಟು ಫೆರಿಂಗ್ಗಿಯ ಬದಲು ದ್ವೀಪದ ಹಳೆಯ ಪಟ್ಟಣವಾದ ಜಾರ್ಜ್‌ಟೌನಿನಲ್ಲಿಯೇ ಕೋಣೆ ಹಿಡಿಯಿರಿ, ಅದೂ ಬೆಳಗಿನ ತಿಂಡಿ ಸೇರಿಲ್ಲದ ಕೋಣೆ. ಬಟು ಫೆರಿಂಗ್ಗಿಯಿಂದ ಜಾರ್ಜ್‌ಟೌನಿಗೆ ಸುಮಾರು 15 ಕಿಲೋಮೀಟರು. ಗುಡ್ಡದ ಅಂಚಿನ ತಿರುವು ರಸ್ತೆಯಾದ್ದರಿಂದ ಸಂಜೆಯ ವಾಹನದಟ್ಟಣೆಯಲ್ಲಿ ಮುಕ್ಕಾಲು ಗಂಟೆಯೂ ಹಿಡಿಯುತ್ತದೆ. ಒಮ್ಮೆ ಅಲ್ಲಿ ಉಳಿದರೆ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ದಿನಕ್ಕೆ ಎರಡು ಸಲ ಊಟಕ್ಕಾಗಿ ಪಟ್ಟಣಕ್ಕೆ ಬರಲು ಯಾರಿಗೂ ಮನಸ್ಸಾಗುವುದಿಲ್ಲ, ಕೊನೆಗೆ ರೆಸಾರ್ಟಿನ ಬಫೆಯೇ ಗತಿಯಾಗುತ್ತದೆ. ಅಂಥ ಬಫೆ ಊಟಕ್ಕೆ ತಲೆಗೆ 100 ರಿಂಗಿಟ್ ದಾಟುವುದು ಸಾಮಾನ್ಯ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ರೂಪಾಯಿ. ಅದರ ಮೇಲೆ ಶೇ 10ರ ಸೇವಾ ಶುಲ್ಕ ಮತ್ತು ತೆರಿಗೆ ಬೇರೆ. ಐದು ಜನರ ಒಂದು ಬಫೆ ಊಟಕ್ಕೆ ಆಗುವ ಹಣದಲ್ಲಿ ಜಾರ್ಜ್‌ಟೌನಿನ ಬೀದಿಗಳಲ್ಲಿ ನಿಮ್ಮ ಐವರ ಇಡೀ ದಿನದ ಊಟ ತಿಂಡಿ ನೆಮ್ಮದಿಯಾಗಿ ಮುಗಿಯಬಲ್ಲದು. ಹಣಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ: ಪೆನಾಂಗಿಗೆ ಹೋಗಿ ಬಫೆ ತಿಂದು ಬಂದವರು ಆ ದ್ವೀಪದ ಅತ್ಯುತ್ತಮ ಭಾಗವನ್ನು ನೋಡದೆಯೇ ಬಂದಂತೆ. ಅಲ್ಲಿನ ಕಡಲತೀರಗಳು ಸಾಧಾರಣ. ನಮ್ಮ ಗೋಕರ್ಣ, ಮುರುಡೇಶ್ವರಗಳ ಕಡಲನ್ನು ಕಂಡವರಿಗೆ ಅವು ವಿಶೇಷವೆನಿಸಲಾರವು. ಆದರೆ ಅಲ್ಲಿನ ಊಟಕ್ಕೆ ಆಗ್ನೇಯ ಏಷ್ಯಾದಲ್ಲಿಯೇ ಸಾಟಿ ಕಡಿಮೆ.

ಎಲ್ಲಿ ತಿನ್ನಬೇಕೆಂಬ ನಿಮ್ಮ ಪ್ರಶ್ನೆಗೆ ಹತ್ತು ಹೋಟೆಲುಗಳ ಪಟ್ಟಿ ಕೊಟ್ಟು ಮುಗಿಸಿಬಿಡಬಹುದಿತ್ತು. ಆದರೆ ಪೆನಾಂಗಿನ ಊಟದ ವ್ಯವಸ್ಥೆ ಹೋಟೆಲಿನ ಸುತ್ತ ಕಟ್ಟಿದ್ದಲ್ಲ, ತಿನಿಸು ಮತ್ತು ಹೊತ್ತುಗಳ ಸುತ್ತ ಕಟ್ಟಿದ್ದು. ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ 1786ರಲ್ಲಿ ಈ ದ್ವೀಪವನ್ನು ಹಿಡಿದು ಬಂದರು ಕಟ್ಟಿದ ಮೇಲೆ ದಕ್ಷಿಣ ಚೀನಾದಿಂದಲೂ ನಮ್ಮ ಕೋರಮಂಡಲ ತೀರದಿಂದಲೂ ಕೂಲಿಗಾಗಿ, ವ್ಯಾಪಾರಕ್ಕಾಗಿ ಬಂದವರಲ್ಲಿ ಹೆಚ್ಚಿನವರು ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ಗಂಡಸರು. ಅವರಿಗೆ ಒಲೆ ಹೂಡುವಷ್ಟು ಜಾಗವೂ ಇರಲಿಲ್ಲ, ಬಿಡುವೂ ಇರಲಿಲ್ಲ. ಹೀಗಾಗಿ ಊಟವೇ ಅವರಿದ್ದಲ್ಲಿಗೆ ನಡೆದು ಬಂತು. ಒಬ್ಬೊಬ್ಬ ವ್ಯಾಪಾರಿ ಹೆಗಲ ಮೇಲೆ ಕಾವಡಿಯಲ್ಲಿ ಅನ್ನದ ಪಾತ್ರೆ, ಸಾರಿನ ಪಾತ್ರೆ ಹೊತ್ತು ಬಂದರಿಗೆ ಬರುತ್ತಿದ್ದ. ಆಮೇಲೆ ಕಾವಡಿ ಹೋಗಿ ತಳ್ಳುಗಾಡಿ ಬಂತು. ಗಾಡಿಗಳು ಕ್ರಮೇಣ ಚಹಾ ಕಾಫಿ ಅಂಗಡಿಗಳ ಮುಂಗಟ್ಟಿನಲ್ಲಿ ನೆಲೆನಿಂತವು. ಈಗಲೂ ಒಂದು ಗಾಡಿ ಒಂದೇ ತಿನಿಸನ್ನು ಮಾಡುತ್ತದೆ, ಹಲವು ಕಡೆ ತಂದೆ ತಾಯಿಯಿಂದ ಮಕ್ಕಳಿಗೆ ಬಂದ ಅದೇ ತಿನಿಸನ್ನು, ಮತ್ತು ಅದಕ್ಕೆ ತನ್ನದೇ ಹೊತ್ತು ಇರುತ್ತದೆ. ಬೆಳಿಗ್ಗೆ ಏಳಕ್ಕೆ ತೆರೆದು ಹನ್ನೊಂದಕ್ಕೆ ಪಾತ್ರೆ ತೊಳೆದಿಡುವವರುಂಟು, ಸಂಜೆ ಆರರ ನಂತರವೇ ಒಲೆ ಹಚ್ಚುವವರುಂಟು. ಆ ಕೈರುಚಿ ಕೆಡಬಾರದೆಂಬ ಕಾಳಜಿ ಅಲ್ಲಿನ ಸರ್ಕಾರಕ್ಕೂ ಎಷ್ಟಿದೆಯೆಂದರೆ, ಬೀದಿ ಗಾಡಿಗಳಲ್ಲಿ ಸ್ಥಳೀಯ ತಿನಿಸುಗಳನ್ನು ವಿದೇಶಿ ಕೆಲಸಗಾರರು ಮುಖ್ಯ ಅಡುಗೆಯವರಾಗಿ ಮಾಡಕೂಡದೆಂಬ ನಿಯಮವನ್ನು ರಾಜ್ಯ ಸರ್ಕಾರ 2016ರಿಂದ ಜಾರಿಗೆ ತಂದಿದೆ. ಆದ್ದರಿಂದ ಅಲ್ಲಿಗೆ ಹೋದವರು ಮೊದಲು ಕೇಳಿಕೊಳ್ಳಬೇಕಾದದ್ದು "ಈ ಹೊತ್ತಿಗೆ ಏನು ಚೆನ್ನಾಗಿರುತ್ತದೆ" ಎಂದು. ಅದು ತಿಳಿದರೆ ಜಾಗ ತಾನಾಗಿ ತಿಳಿಯುತ್ತದೆ.

ಈ ಅಂಗಡಿಗಳ ನಡಾವಳಿಯನ್ನು ಮೊದಲೇ ತಿಳಿದುಕೊಂಡರೆ ಮುಜುಗರವಾಗುವುದಿಲ್ಲ. ಕೊಪಿಟಿಯಾಮ್ ಎಂದು ಕರೆಯುವ ಹಳೆಯ ಕಾಫಿ ಅಂಗಡಿಯ ಮಾಲೀಕರು ಮಾರುವುದು ಪಾನೀಯಗಳನ್ನು ಮಾತ್ರ. ಒಳಗಿನ, ಮುಂಭಾಗದ ಗಾಡಿಗಳು ಬೇರೆ ಬೇರೆಯವರವು. ಮೊದಲು ಖಾಲಿ ಮೇಜು ಹಿಡಿದು, ಅದರ ಸಂಖ್ಯೆ ನೋಡಿಕೊಂಡು, ಬೇಕಾದ ಗಾಡಿಗೆ ಹೋಗಿ ತಿನಿಸು ಹೇಳಿ ಮೇಜಿನ ಸಂಖ್ಯೆ ತಿಳಿಸಿ ಬಂದು ಕುಳಿತುಕೊಳ್ಳಬೇಕು. ತಟ್ಟೆ ಮೇಜಿಗೆ ಬಂದಾಗ ಆ ಗಾಡಿಯವರಿಗೇ ಹಣ ಕೊಡಬೇಕು. ಪಾನೀಯದವರು ತಾವಾಗಿ ಬಂದು ಕೇಳುತ್ತಾರೆ. ತಲೆಗೊಂದರಂತೆ ಏನಾದರೂ ಹೇಳುವುದು ಅಲ್ಲಿನ ರೂಢಿ, ಏಕೆಂದರೆ ಕುರ್ಚಿ ಮೇಜು ಅವರದು. ಹಾಲು ಬೇಡವಾದರೆ ಕಾಫಿಗೆ "ಕೊಪಿ ಓ" ಎನ್ನಿ, ಸಕ್ಕರೆಯೂ ಬೇಡವಾದರೆ "ಕೊಪಿ ಓ ಕೊಸೊಂಗ್". ಅಲ್ಲಿ ಹಾಲೆಂದರೆ ಹೆಚ್ಚಾಗಿ ಡಬ್ಬಿಯ ಗಟ್ಟಿ ಸಿಹಿ ಹಾಲು, ನಮ್ಮ ಫಿಲ್ಟರ್ ಕಾಫಿಯ ರುಚಿ ಸಿಗುವುದಿಲ್ಲ. ಪಾರ್ಸೆಲ್ ಬೇಕಾದರೆ "ಬುಂಗ್ಕುಸ್" ಎಂದರೆ ಸಾಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಚಿಲ್ಲರೆ ನೋಟುಗಳು ಕೈಯಲ್ಲಿರಲಿ. ಇಂಗ್ಲಿಷ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ, ತಮಿಳು ಬಲ್ಲವರಿಗಂತೂ ಲಿಟಲ್ ಇಂಡಿಯಾದಲ್ಲಿ ಯಾವ ತೊಂದರೆಯೂ ಇಲ್ಲ.

ಇನ್ನು ನಿಮ್ಮ ತಾಯಿಯವರ ಊಟದ ವಿಷಯ. ಏಜೆಂಟರು ರೆಸಾರ್ಟಿನ ಊಟವನ್ನು ಸೂಚಿಸಿದ್ದು ಬಹುಶಃ ಅವರನ್ನು ಯೋಚಿಸಿಯೇ ಇರಬಹುದು. ಆದರೆ ಅವರಿಗೆ ಪೆನಾಂಗ್ ಕಷ್ಟದ ಊರಲ್ಲ. ಚೀನೀ ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಊಟದ ಮನೆಗಳು ಆ ಪಟ್ಟಣದಲ್ಲಿ ಧಾರಾಳವಾಗಿವೆ, ಮತ್ತು ಆ ಸಂಪ್ರದಾಯದಲ್ಲಿ ಮಾಂಸ, ಮೀನಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಮುಂತಾದ ಘಾಟಿನ ಗಡ್ಡೆಸೊಪ್ಪುಗಳೂ ವರ್ಜ್ಯ. ಲಿಟಲ್ ಇಂಡಿಯಾದ ನಮ್ಮವರ ಸಸ್ಯಾಹಾರಿ ಹೋಟೆಲುಗಳಲ್ಲಿ ಸಾಂಬಾರಿಗೂ ಪಲ್ಯಕ್ಕೂ ಈರುಳ್ಳಿ ಬಿದ್ದೇ ಇರುತ್ತದೆ. ಚೀನೀ ಬೌದ್ಧರ ಊಟದ ಮನೆಯಲ್ಲಿ ಅದು ಇರುವ ಸಂಭವ ಕಡಿಮೆ. ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ನವರಾತ್ರಿಯ ನೇಮದಲ್ಲಿರುವ ಶಿವಮೊಗ್ಗದ ಹಿರಿಯರೊಬ್ಬರಿಗೆ ಇಡ್ಲಿ ಸಾಂಬಾರಿಗಿಂತ ಚೀನೀ ಅನ್ನದ ತಟ್ಟೆಯೇ ಹೆಚ್ಚು ಹೊಂದುತ್ತದೆ.

ಲೆಬು ಡಿಕನ್ಸ್ ಬೀದಿಯ "ಈ ಬೆಂಗ್" (Ee Beng) ಎಂಬ ಹೆಸರಿನ ಸಸ್ಯಾಹಾರಿ ಊಟದ ಮನೆ ಇಂಥದ್ದಕ್ಕೆ ಹೆಸರಾದದ್ದು. ಜಾಲನ್ ಮೆಕಾಲಿಸ್ಟರ್‌ನಲ್ಲಿರುವ ಲುಕ್ ಯೆ ಯಾನ್ ಇನ್ನೊಂದು. ಮೊದಲನೆಯ ಮಾದರಿಯ ಅಂಗಡಿಗಳಲ್ಲಿ ಉದ್ದನೆಯ ಮೇಜಿನ ಮೇಲೆ ಹತ್ತಾರು ತಟ್ಟೆಗಳಲ್ಲಿ ಸೊಪ್ಪು, ಬೀನ್ಸ್, ಕುಂಬಳ, ಬದನೆ, ಅಣಬೆ, ತೋಫು ಪಲ್ಯಗಳನ್ನು ಇಟ್ಟಿರುತ್ತಾರೆ. ತಟ್ಟೆಗೆ ಅನ್ನ ಹಾಕಿಸಿಕೊಂಡು ಬೇಕಾದ್ದನ್ನು ನೀವೇ ಬಡಿಸಿಕೊಂಡು ಹೋದರೆ ಗಲ್ಲೆಯಲ್ಲಿ ಕುಳಿತವರು ತಟ್ಟೆಯನ್ನು ಒಮ್ಮೆ ನೋಡಿ ದರ ಹೇಳುತ್ತಾರೆ. ಹನ್ನೆರಡರ ಒಳಗೆ ಹೋದರೆ ಎಲ್ಲವೂ ಬಿಸಿಯಾಗಿ, ತುಂಬಿ ಇರುತ್ತದೆ; ಎರಡರ ಮೇಲೆ ಹೋದರೆ ಉಳಿದದ್ದು ಮಾತ್ರ. ತಾಯಿಯವರಿಗೆ ಮೊದಲೇ ಒಂದು ವಿಷಯ ಹೇಳಿಡಿ. ಆ ಸಾಲಿನಲ್ಲಿ ಕೋಳಿಯ ತುಂಡಿನಂತೆ, ಮೀನಿನಂತೆ, ಸಿಗಡಿಯಂತೆ ಕಾಣುವ ಪದಾರ್ಥಗಳಿರುತ್ತವೆ, ಫಲಕದ ಮೇಲೆ ಹೆಸರೂ ಹಾಗೆಯೇ ಇರುತ್ತದೆ. ಅವೆಲ್ಲ ಸೋಯಾ, ಗೋಧಿಯ ಅಂಟು, ಅಣಬೆಗಳಿಂದ ಮಾಡಿದವು. ಗೊತ್ತಿಲ್ಲದೆ ಎದುರಾದರೆ ಹಿರಿಯರು ಅಲ್ಲಿಂದ ಎದ್ದುಬಿಡುವ ಸಂಭವವಿದೆ. ಮೊಟ್ಟೆಯನ್ನು ಮಾತ್ರ ಕೇಳಿ ತಿಳಿಯಬೇಕು, ಏಕೆಂದರೆ ಕೆಲವು ಸಸ್ಯಾಹಾರಿ ಅಂಗಡಿಗಳು ಅದನ್ನು ಬಳಸುತ್ತವೆ. "ತೆಲೂರ್" ಎಂದರೆ ಮೊಟ್ಟೆ, "ತಾ ಮಾವು ತೆಲೂರ್" ಎಂದರೆ ಮೊಟ್ಟೆ ಬೇಡ. ಈರುಳ್ಳಿ ಬೆಳ್ಳುಳ್ಳಿಯ ಬಗ್ಗೆಯೂ ಒಮ್ಮೆ ಕೇಳಿಬಿಡುವುದು ಕ್ಷೇಮ, ಎಲ್ಲ ಅಂಗಡಿಗಳೂ ಒಂದೇ ಕಟ್ಟುನಿಟ್ಟಿನವಲ್ಲ.

ನೀವು ಹೋಗುವ ಸಮಯದಿಂದಲೂ ನಿಮಗೆ ಅನುಕೂಲವಾಗಬಹುದು. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿನ ಚೀನೀಯರು ಒಂಬತ್ತು ಚಕ್ರವರ್ತಿ ದೇವರುಗಳ ಉತ್ಸವವನ್ನು ಆಚರಿಸುತ್ತಾರೆ. ಭಕ್ತರು ಬಿಳಿ ಬಟ್ಟೆ ಉಟ್ಟು, ಒಂಬತ್ತು ದಿನವೂ ಸಸ್ಯಾಹಾರದಲ್ಲಿರುತ್ತಾರೆ. ಎರಡೂ ಚಾಂದ್ರಮಾನದವಾದ್ದರಿಂದ ಎಷ್ಟೋ ವರ್ಷ ಈ ಉತ್ಸವ ನಮ್ಮ ನವರಾತ್ರಿಯ ದಿನಗಳಲ್ಲಿಯೇ ಬೀಳುತ್ತದೆ. ಅಧಿಕ ಮಾಸದ ಲೆಕ್ಕ ಬೇರೆಯಾದ ವರ್ಷಗಳಲ್ಲಿ ಮಾತ್ರ ಒಂದು ತಿಂಗಳ ಅಂತರವಾಗುತ್ತದೆ. 2023 ಮತ್ತು 2024ರಲ್ಲಿ ಎರಡೂ ಕೂಡಿಬಂದಿದ್ದವು, 2025ರಲ್ಲಿ ಬೇರೆಯಾದವು. ನೀವು ಹೋಗುವ ವರ್ಷದ ದಿನಾಂಕ ನೋಡಿಕೊಳ್ಳಿ. ಕೂಡಿಬಂದರೆ, ಸಾಮಾನ್ಯ ದಿನಗಳಲ್ಲಿ ಹಂದಿಮಾಂಸ ಮಾರುವ ಬೀದಿಗಳಲ್ಲಿಯೂ ಹಳದಿ ಬಾವುಟ ಕಟ್ಟಿದ ಸಸ್ಯಾಹಾರಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ, ಬೇರೆ ಸಮಯದಲ್ಲಿ ಸಸ್ಯಾಹಾರಿಗಳಿಗೆ ಸಿಗದ ತಿನಿಸುಗಳ ಸಸ್ಯಾಹಾರಿ ರೂಪಗಳೂ ಆಗ ಸಿಗುತ್ತವೆ. ನಿಮ್ಮ ಹೆಂಡತಿಯವರಿಗೂ ತಾಯಿಯವರಿಗೂ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಉಳಿದ ತಿಂಗಳುಗಳಲ್ಲಿಯೂ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಬರುವ ಚೀನೀ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಸಸ್ಯಾಹಾರ ಮಾಡುವವರು ಹೆಚ್ಚು, ಹೀಗಾಗಿ ಆ ಊಟದ ಮನೆಗಳಲ್ಲಿ ನೂಕುನುಗ್ಗಲೂ ಹೆಚ್ಚು. ಫಲಕದಲ್ಲಿ ಸ್ವಸ್ತಿಕದ ಚಿಹ್ನೆ ಕಂಡರೆ ಅದು ಬೌದ್ಧ ಸಸ್ಯಾಹಾರದ ಗುರುತೆಂದು ತಿಳಿಯಿರಿ.

ಲಿಟಲ್ ಇಂಡಿಯಾವನ್ನು ಹಾಗೆಂದು ಬಿಡಬೇಕಾಗಿಲ್ಲ. 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿಯಿರುವ ಲೆಬು ಕ್ವೀನ್, ಅದರ ಪಕ್ಕದ ಲೆಬು ಪಾಸಾರ್ ಮತ್ತು ಲೆಬು ಪೆನಾಂಗ್ ಬೀದಿಗಳಲ್ಲಿ ಬಾಳೆಎಲೆ ಊಟ, ದೋಸೆ, ಇಡ್ಲಿ, ಪೊಂಗಲ್ ಎಲ್ಲವೂ ಸಿಗುತ್ತವೆ; ವುಡ್‌ಲ್ಯಾಂಡ್ಸ್‌ನಂಥ ಪೂರ್ಣ ಸಸ್ಯಾಹಾರಿ ಹೋಟೆಲುಗಳೂ ಅಲ್ಲಿವೆ. ಪರದೇಶದಲ್ಲಿ ಎರಡು ದಿನ ಕಳೆದ ಮೇಲೆ ಬಿಸಿ ಅನ್ನ, ರಸಂ, ಮೊಸರು ಸಿಕ್ಕರೆ ಆಗುವ ಸಮಾಧಾನವನ್ನು ನಾನು ಕಡೆಗಣಿಸುವುದಿಲ್ಲ. ಆದರೂ ನಾಲ್ಕು ದಿನವೂ ಅಲ್ಲಿಯೇ ಉಂಡರೆ ಚೆನ್ನೈಗೆ ಹೋಗಿ ಬಂದದ್ದಕ್ಕೂ ಇದಕ್ಕೂ ವ್ಯತ್ಯಾಸವಿರದು. ದಿನಕ್ಕೆ ಒಂದು ಹೊತ್ತು ಸಾಕು. ಬೆಳಗಿನ ಹೊತ್ತು ಪುತು ಮಾಯಮ್ ಮಾರುವವರು ಕಂಡರೆ ಬಿಡಬೇಡಿ. ಅದು ನಮ್ಮ ಒತ್ತು ಶಾವಿಗೆಯೇ. ಕಾಯಿತುರಿ ಮತ್ತು ಕಂದು ಸಕ್ಕರೆಯೊಡನೆ ಕೊಡುತ್ತಾರೆ, ತಾಯಿಯವರ ನೇಮಕ್ಕೂ ಅದರಿಂದ ಅಡ್ಡಿಯಿಲ್ಲ.

ಸಸ್ಯಾಹಾರಿಗಳು ಎಡವುವ ಜಾಗಗಳು ಬೇರೆಯೇ ಇವೆ. ಮಾಂಸ ಕಣ್ಣಿಗೆ ಕಾಣುತ್ತದೆ, ಅದರಿಂದ ಅಪಾಯವಿಲ್ಲ; ಅಪಾಯವಿರುವುದು ಹುದುಗಿಸಿದ ಸಿಗಡಿಯಿಂದ. ಬೆಲಾಚಾನ್ ಎಂಬ ಗಟ್ಟಿ ಸಿಗಡಿ ಹಿಟ್ಟನ್ನು ಸುಟ್ಟು ಮೆಣಸಿನಕಾಯಿಯೊಡನೆ ಅರೆದರೆ ಅಲ್ಲಿನ ಸಾಂಬಾಲ್ ಆಗುತ್ತದೆ. ಹೆ ಕೊ ಎಂಬ ಕಪ್ಪು, ಸಿಹಿ, ಕಾಕಂಬಿಯಂಥ ಪಾಕವೂ ಸಿಗಡಿಯದೇ. ಪೆನಾಂಗಿನ ರೋಜಾಕ್ ನೋಡುವುದಕ್ಕೆ ಅನಾನಸ್, ಸೀಬೆ, ಸೌತೆ, ಮಾವಿನಕಾಯಿಗಳ ಹಣ್ಣಿನ ತಟ್ಟೆ, ಮೇಲೆ ಹುರಿದ ಕಡಲೆಕಾಯಿ ಪುಡಿ. ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಕೈಹಾಕುವುದೇ ಅದಕ್ಕೆ, ಆದರೆ ಹೋಳುಗಳಿಗೆ ಸವರಿದ ಕಪ್ಪು ಪಾಕ ಹೆ ಕೊ. ಅಕ್ಕಿಹಿಟ್ಟಿನ ಸುರುಳಿಗಳಾದ ಚೀ ಚಿಯೊಂಗ್ ಫನ್‌ಗೂ ಪೆನಾಂಗಿನಲ್ಲಿ ಅದನ್ನೇ ಹಾಕುತ್ತಾರೆ. ಬಸಳೆಯ ಹಾಗೆ ನಿರುಪದ್ರವಿಯಾಗಿ ಕಾಣುವ ಕಾಂಗ್ಕುಂಗ್ ಸೊಪ್ಪಿನ ಪಲ್ಯಕ್ಕೆ ಬೆಲಾಚಾನ್ ಬಿದ್ದಿರುತ್ತದೆ. ಇನ್ನು ರೋಟಿ ಚನಾಯ್. ಕಾವಲಿಯ ಮೇಲೆ ಪದರ ಪದರವಾಗಿ ಬೇಯುವ ಆ ಪರೋಟ ನಿಮ್ಮ ಹೆಂಡತಿಯವರಿಗೂ ಮಕ್ಕಳಿಗೂ ಬಹಳ ಹಿಡಿಸುತ್ತದೆ, ದರವೂ 2 ರಿಂಗಿಟ್ ಆಸುಪಾಸು. ಆದರೆ ಜೊತೆಗೆ ಕೊಡುವ ಬೇಳೆಯ ಮೇಲೆ ಕೇಳದೆಯೇ ಒಂದು ಸೌಟು ಮೀನಿನದೋ ಕೋಳಿಯದೋ ಸಾರು ಸುರಿಯುವುದು ಅಲ್ಲಿನ ವಾಡಿಕೆ. "ಡಾಲ್ ಸಹಾಜ" ಎಂದರೆ ಬೇಳೆ ಮಾತ್ರ ಎಂದರ್ಥ. ಅದನ್ನು ಬಡಿಸುವ ಮೊದಲೇ ಹೇಳಬೇಕು. ಹಿಟ್ಟಿಗೆ ಮೊಟ್ಟೆ ಸೇರಿಸುವವರೂ ಇರುವುದರಿಂದ ತಾಯಿಯವರಿಗೆ ರೋಟಿ ಚನಾಯ್ ಬೇಡ, ಹೆಂಡತಿಯವರು ಮೊಟ್ಟೆ ತಿನ್ನದಿದ್ದರೆ ಅವರಿಗೂ ಕೇಳಿಯೇ ತೆಗೆದುಕೊಳ್ಳಿ.

ನಿಮ್ಮ ವಿಷಯಕ್ಕೆ ಬಂದರೆ, ಹಂದಿಯೂ ದನವೂ ಬೇಡವೆನ್ನುವವರಿಗೆ ಪೆನಾಂಗಿನಲ್ಲಿ ಒಂದು ಸುಲಭದ ಸೂತ್ರವಿದೆ. ಚೀನೀ ಗಾಡಿಗಳಲ್ಲಿ ಹಂದಿಯ ಕೊಬ್ಬು, ಮಾಂಸ ಸಾಮಾನ್ಯ, ದನದ ಮಾಂಸ ಅಪರೂಪ, ಏಕೆಂದರೆ ಗುವಾನ್‌ಯಿನ್ ದೇವಿಯ ಭಕ್ತರಾದ ಎಷ್ಟೋ ಚೀನೀಯರು ದನದ ಮಾಂಸ ತಿನ್ನುವುದಿಲ್ಲ. ಮಲಯರ ಮತ್ತು ತಮಿಳು ಮುಸ್ಲಿಮರ ಅಂಗಡಿಗಳಲ್ಲಿ ಹಂದಿ ಇರುವುದೇ ಇಲ್ಲ, ದನದ ಮಾಂಸ ಇದ್ದೇ ಇರುತ್ತದೆ. ಹೀಗೆ ಒಂದು ಕಡೆ ಒಂದೇ ಪ್ರಶ್ನೆ ಕೇಳಿದರೆ ಸಾಕು.

ತಮಿಳು ಮುಸ್ಲಿಮರ ನಾಸಿ ಕಂದಾರ್ ಬಂದರಿನ ಆ ಕಾವಡಿ ಊಟದ ವಂಶದ್ದೇ. ಲೆಬು ಕ್ಯಾಂಪ್‌ಬೆಲ್‌ನ ಹಮೀದಿಯಾ 1907ರಿಂದಲೂ ನಡೆಯುತ್ತಿದೆ. ಜಾಲನ್ ಪೆನಾಂಗ್‌ನ ಪಕ್ಕದ ಓಣಿಯಲ್ಲಿರುವ ಲೈನ್ ಕ್ಲಿಯರ್ ಕೂಡ ಹಳೆಯದು. ಸಾಲಿನಲ್ಲಿ ನಿಂತು ಮುಂದಕ್ಕೆ ಸಾಗಿದಂತೆ ಅನ್ನದ ಮೇಲೆ ಕೋಳಿ, ಮೀನು, ಬೆಂಡೆಕಾಯಿ, ಮೊಟ್ಟೆ ಏನು ಬೇಕೆಂದು ಕೈತೋರಿಸುವುದು. ಕೊನೆಯಲ್ಲಿ ಬಡಿಸುವವರು ನಾಲ್ಕಾರು ಪಾತ್ರೆಗಳಿಂದ ಒಂದೊಂದು ಸೌಟು ಗೊಜ್ಜು ತೆಗೆದು ಅನ್ನ ಮುಳುಗುವಂತೆ ಸುರಿಯುತ್ತಾರೆ. ನಾಸಿ ಕಂದಾರಿನ ರುಚಿಯೇ ಆ ಬೆರಕೆಯಲ್ಲಿದೆ, ನಿಮಗಿರುವ ತೊಡಕೂ ಅಲ್ಲಿಯೇ, ಏಕೆಂದರೆ ಆ ಪಾತ್ರೆಗಳಲ್ಲೊಂದು ದನದ ಮಾಂಸದ್ದಾಗಿರುತ್ತದೆ. ಮಲೇಷ್ಯಾದ ಫಲಕಗಳಲ್ಲಿ ಬರಿಯ "ಡಾಗಿಂಗ್" ಎಂದಿದ್ದರೆ ಸಾಮಾನ್ಯವಾಗಿ ದನದ ಮಾಂಸವೆಂದೇ ಅರ್ಥ. "ಗೊಜ್ಜು ಬೆರೆಸಬೇಡಿ, ಕೋಳಿಯದು ಮಾತ್ರ" ಎಂದು ಅನ್ನ ಬೀಳುವ ಮೊದಲೇ, ಬೇಕಾದರೆ ತಮಿಳಿನಲ್ಲಿಯೇ, ಸ್ಪಷ್ಟವಾಗಿ ಹೇಳಿ. ಸೌಟುಗಳು ಪಾತ್ರೆಯಿಂದ ಪಾತ್ರೆಗೆ ಓಡಾಡುವುದನ್ನು ಕಂಡು ಮನಸ್ಸಿಗೆ ಒಗ್ಗದಿದ್ದರೆ ಅಲ್ಲಿ ತಿನ್ನಬೇಡಿ. ಲಿಟಲ್ ಇಂಡಿಯಾದಲ್ಲಿ ಬಾಳೆಎಲೆಯ ಮೇಲೆ ಕೋಳಿ, ಮೀನು ಬಡಿಸುವ ಹಿಂದೂ ಹೋಟೆಲುಗಳಿವೆ, ಅಲ್ಲಿ ಈ ಚಿಂತೆಯಿಲ್ಲ.

ಚಾರ್ ಕ್ವೇ ತಿಯಾವ್ ಪೆನಾಂಗಿನ ಅತ್ಯಂತ ಪ್ರಸಿದ್ಧ ತಿನಿಸು: ಅಕ್ಕಿಯ ಚಪ್ಪಟೆ ಪಟ್ಟಿಗಳನ್ನು ಸಿಗಡಿ, ಚಿಪ್ಪುಮೀನು, ಮೊಟ್ಟೆ, ಮೊಳಕೆಕಾಳಿನೊಡನೆ ಉರಿಬೆಂಕಿಯ ಮೇಲೆ ಒಂದು ಸಲಕ್ಕೆ ಒಂದೇ ತಟ್ಟೆಯಂತೆ ಹುರಿಯುತ್ತಾರೆ, ಹೀಗಾಗಿ ಅರ್ಧ ಗಂಟೆ ಕಾಯಬೇಕಾದರೂ ಬೇಸರಪಡಬಾರದು. ಆದರೆ ಹಳೆಯ ಚೀನೀ ಗಾಡಿಗಳಲ್ಲಿ ಅದನ್ನು ಹುರಿಯುವುದು ಹಂದಿಯ ಕೊಬ್ಬಿನಲ್ಲಿ, ಆ ಕೊಬ್ಬಿಲ್ಲದೆ ಅವರ ಕೈಯಲ್ಲಿ ಆ ರುಚಿಯೂ ಬರುವುದಿಲ್ಲ. ನಿಮಗೆ ಸಲ್ಲುವುದು ಮಲಯರು ಮಾಡುವ, ಹಂದಿಯಿಲ್ಲದ ಬಗೆ. ಅದು ಸ್ವಲ್ಪ ಗೊಜ್ಜಿನಂತೆ ಒದ್ದೆಯಾಗಿರುತ್ತದೆ, ಅದರದೇ ಸೊಗಸಿದೆ. ಸಿಗಡಿ ಸಾರಿನ ಹೊಕ್ಕಿಯೆನ್ ಮೀಯಲ್ಲಿ ಹಂದಿಯ ಮೂಳೆಯ ರಸವಿರುವುದರಿಂದ ಹೆಸರಿಗೆ ಸಿಗಡಿಯೆಂದು ಮೋಸಹೋಗಬೇಡಿ. ಕರಿ ಮೀಯಲ್ಲಿ ಹಂದಿಯ ಹೆಪ್ಪುಗಟ್ಟಿದ ರಕ್ತದ ತುಂಡುಗಳಿರುತ್ತವೆ.

ನೀವು ತಪ್ಪದೆ ತಿನ್ನಬೇಕಾದದ್ದು ಆಸಾಮ್ ಲಕ್ಸಾ, ಮತ್ತು ನಾನಾದರೆ ಇಡೀ ದ್ವೀಪದಲ್ಲಿ ಒಂದೇ ತಿನಿಸನ್ನು ಆರಿಸಿಕೊಳ್ಳಬೇಕೆಂದರೆ ಅದನ್ನೇ ಆರಿಸಿಕೊಳ್ಳುತ್ತೇನೆ. ಅದರ ಸಾರು ಮಾಡುವುದು ಕೆಂಬುಂಗ್ ಮೀನಿನಿಂದ, ಎಂದರೆ ನಮ್ಮ ಕರಾವಳಿಯ ಬಂಗುಡೆಯಿಂದ. ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ, ಸಾರು ಮಂದವಾಗುವಷ್ಟು ಪುಡಿಗೈದು, ನಿಂಬೆಹುಲ್ಲು, ಮೆಣಸಿನಕಾಯಿ, ಕಾಡುಶುಂಠಿಯ ಜಾತಿಯ ಬುಂಗಾ ಕಂತಾನ್ ಎಂಬ ಗುಲಾಬಿ ಬಣ್ಣದ ಹೂಮೊಗ್ಗುಗಳೊಡನೆ ಕುದಿಸುತ್ತಾರೆ. ಹುಳಿಗೆ ಹುಣಿಸೆಯ ಜೊತೆ ಆಸಾಮ್ ಕೆಪಿಂಗ್ ಎಂಬ ಒಣ ಹೋಳುಗಳು ಬೀಳುತ್ತವೆ. ಅವು ಬರುವ ಮರ ಮಲೆನಾಡಿನ ಉಪ್ಪಾಗೆ, ಮುರುಗಲುಗಳ ಕುಲದ್ದೇ, ಆದ್ದರಿಂದ ಶಿವಮೊಗ್ಗದ ನಾಲಗೆಗೆ ಆ ಹುಳಿ ಹೊಸತೆನಿಸುವುದಿಲ್ಲ. ತೆಂಗಿನ ಹಾಲು ಇಲ್ಲ, ಹಂದಿ ದನಗಳ ಸಂಪರ್ಕವೂ ಸಾಮಾನ್ಯವಾಗಿ ಇಲ್ಲ. ಬಟ್ಟಲಿಗೆ ದಪ್ಪ ಬಿಳಿ ಅಕ್ಕಿ ಶಾವಿಗೆ ಹಾಕಿ, ಅದರ ಮೇಲೆ ಕುದಿಯುವ ಸಾರನ್ನು ಹೊಯ್ದು, ಬಸಿದು, ಮತ್ತೆ ಹೊಯ್ದು ಶಾವಿಗೆಯನ್ನು ಬಿಸಿಮಾಡುತ್ತಾರೆ. ಆಮೇಲೆ ಸಣ್ಣಗೆ ಹೆಚ್ಚಿದ ಸೌತೆ, ಅನಾನಸ್, ಈರುಳ್ಳಿ, ಪುದೀನ. ಒಂದು ಚಮಚ ಹೆ ಕೊ ಅಂಚಿನಲ್ಲಿ. ಅದನ್ನು ಒಮ್ಮೆಗೇ ಕಲಕಬೇಡಿ. ಮೊದಲು ಹುಳಿಸಾರಿನ ರುಚಿ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡು ತಿನ್ನಿ. ಆಯರ್ ಇತಾಮ್ ಮಾರುಕಟ್ಟೆಯ ಆಸುಪಾಸು ಇದಕ್ಕೆ ಹೆಸರಾದ ಜಾಗ, ಮಧ್ಯಾಹ್ನ ಹೋಗುವುದು ಸರಿಯಾದ ಹೊತ್ತು. ಅಲ್ಲಿಂದ ಗುಡ್ಡದ ಮೇಲೆ ಕಾಣುವುದು ಕೆಕ್ ಲೊಕ್ ಸಿ ಬೌದ್ಧ ದೇವಾಲಯ. ಅದರ ಆವರಣದಲ್ಲಿ ಸಸ್ಯಾಹಾರಿ ಊಟದ ಮನೆಯಿದೆ. ನಿಮ್ಮಂಥ ಕುಟುಂಬಕ್ಕೆ ಹೇಳಿಮಾಡಿಸಿದ ಏರ್ಪಾಡು ಇದು: ಬೆಳಿಗ್ಗೆ ಹತ್ತಕ್ಕೆ ದೇವಾಲಯ, ಅಲ್ಲಿಯೇ ತಾಯಿಯವರಿಗೂ ಹೆಂಡತಿಯವರಿಗೂ ಊಟ, ಕೆಳಗಿಳಿದು ನಿಮಗೂ ಮಕ್ಕಳಿಗೂ ಲಕ್ಸಾ. ಜಾರ್ಜ್‌ಟೌನಿನಿಂದ 204ನೆಯ ಸಂಖ್ಯೆಯ ಬಸ್ಸು ಆ ದಾರಿಯಲ್ಲಿ ಹೋಗುತ್ತದೆ, ಐದು ಜನರಾದ್ದರಿಂದ ಗ್ರ್ಯಾಬ್ ಟ್ಯಾಕ್ಸಿಯೂ ದುಬಾರಿಯಾಗದು.

ಎಲ್ಲರೂ ಒಂದೇ ಮೇಜಿನಲ್ಲಿ ಕೂತು ತಿನ್ನಬಹುದಾದದ್ದು ಸಿಹಿ. ಜಾಲನ್ ಪೆನಾಂಗ್‌ನಿಂದ ಒಡೆಯುವ ಲೆಬು ಕೆಂಗ್ ಕ್ವೀ ಎಂಬ ಓಣಿಯ ಬಾಯಲ್ಲಿ ಚೆಂಡೋಲ್ ಗಾಡಿಗಳಿವೆ: ತುರಿದ ಮಂಜುಗಡ್ಡೆಯ ಮೇಲೆ ತೆಂಗಿನ ಹಾಲು, ತಾಳೆ ಬೆಲ್ಲದ ಪಾಕ, ಕೇದಗೆಯ ಜಾತಿಯ ಪಾಂಡನ್ ಎಲೆಯ ರಸದಿಂದ ಹಸಿರಾದ ಮೆತ್ತನೆಯ ಎಳೆಗಳು, ಬೇಯಿಸಿದ ಕೆಂಪು ಕಾಳು. ಮೊಟ್ಟೆಯಿಲ್ಲ, ನೇಮಕ್ಕೆ ಅಡ್ಡಿಯಾಗುವಂಥದ್ದೇನೂ ಇಲ್ಲ. ನಡುಮಧ್ಯಾಹ್ನದ ಸೆಕೆಯಲ್ಲಿ ನಿಂತುಕೊಂಡೇ ತಿನ್ನುವವರ ಗುಂಪು ಅಲ್ಲಿ ಸದಾ ಇರುತ್ತದೆ. ಬೆಳಗಿನ ಮಾರುಕಟ್ಟೆಗಳಲ್ಲಿ, ವಿಶೇಷವಾಗಿ ಪುಲಾವ್ ತಿಕುಸ್ ಮಾರುಕಟ್ಟೆಯ ಬಳಿ, ಕುಯೆ ಎಂಬ ಬಗೆಬಗೆಯ ಹಬೆ ತಿನಿಸುಗಳು ಸಿಗುತ್ತವೆ. ಅಂಗ್ ಕು ಎಂಬ ಕೆಂಪು ಕುಯೆಯ ಒಳಗೆ ಹೆಸರುಬೇಳೆಯ ಸಿಹಿ ಹೂರಣ. ಒಂಡೆ ಒಂಡೆಯ ಉಂಡೆ ಕಚ್ಚಿದರೆ ಒಳಗಿನ ಬೆಲ್ಲ ನೀರಾಗಿ ಸಿಡಿಯುತ್ತದೆ, ಮಕ್ಕಳಿಗೆ ಬಾಯಿ ಮುಚ್ಚಿ ಕಚ್ಚಲು ಹೇಳಿ. ಕಾಯಾ ಎಂಬ ಹಸಿರು ಲೇಪದಲ್ಲಿ ಮಾತ್ರ ಮೊಟ್ಟೆಯಿದೆ. ಮಧ್ಯಾಹ್ನವಾಗುವುದರೊಳಗೆ ಒಳ್ಳೆಯ ಕುಯೆಗಳೆಲ್ಲ ಖಾಲಿ. ಕುಡಿಯಲು ಜಾಯಿಕಾಯಿ ಹಣ್ಣಿನ ರಸ, ಅಮಟೆಯ ಜಾತಿಯ ಅಂಬ್ರಾ ಕಾಯಿಯ ರಸ ಕೇಳಿ. ಎರಡೂ ಈ ದ್ವೀಪದ ವಿಶೇಷ. ದೂರಿಯನ್ ಹಣ್ಣಿನ ಮುಖ್ಯ ಋತು ಜೂನ್, ಜುಲೈಯ ಸುತ್ತ ಬರುವುದರಿಂದ ದಸರಾದಲ್ಲಿ ಅದರ ಆಸೆ ಇಟ್ಟುಕೊಳ್ಳಬೇಡಿ.

ಸಂಜೆಯ ವಿಷಯದಲ್ಲಿ ಎಲ್ಲ ಪ್ರವಾಸ ಪುಸ್ತಕಗಳೂ ಗರ್ನಿ ಡ್ರೈವ್ ಕಡಲದಂಡೆಯ ಗಾಡಿ ಸಾಲನ್ನು ಹೇಳುತ್ತವೆ. ನೂರೆಂಟು ಬಗೆ ಒಂದೇ ಕಡೆ ಸಿಗುವುದರಿಂದ ಮಕ್ಕಳಿರುವವರಿಗೆ ಅನುಕೂಲವೆಂಬುದು ನಿಜ. ಆದರೆ ಅದು ಪ್ರವಾಸಿಗಳಿಂದಲೇ ತುಂಬುವ ಜಾಗ, ಒಮ್ಮೆ ಬಂದವರು ಮತ್ತೆ ಬರಲಿ ಎಂಬ ಒತ್ತಡ ಗಾಡಿಯವರಿಗಿಲ್ಲ. ಅಲ್ಲಿನ ಲಕ್ಸಾ, ಕ್ವೇ ತಿಯಾವ್‌ಗಳು ನನ್ನ ದೃಷ್ಟಿಯಲ್ಲಿ ಎರಡನೆಯ ದರ್ಜೆಯವು. ಊರಿನವರು ಸಂಸಾರ ಸಮೇತ ಬರುವ ಲೊರೊಂಗ್ ಬಾರು, ಎಂದರೆ ನ್ಯೂ ಲೇನ್ ಬೀದಿ ಅದಕ್ಕಿಂತ ಒಳ್ಳೆಯದು. ಲೆಬು ಚುಲಿಯಾ ಮತ್ತು ಲೆಬು ಕಿಂಬರ್ಲಿಗಳೂ ಸಂಜೆ ಆರರ ಮೇಲೆ ಜೀವ ತುಂಬಿಕೊಳ್ಳುತ್ತವೆ. ಇವು ಮುಖ್ಯವಾಗಿ ಚೀನೀ ಗಾಡಿಗಳ ಬೀದಿಗಳಾದ್ದರಿಂದ ಸಸ್ಯಾಹಾರಿಗಳ ಊಟವನ್ನು ಬೇರೆಡೆ ಮೊದಲೇ ಮುಗಿಸಿ, ನೋಡುವುದಕ್ಕೂ ಸಿಹಿಗೂ ಅವರನ್ನು ಕರೆತನ್ನಿ. ಯಾವ ಗಾಡಿ ಒಳ್ಳೆಯದೆಂದು ತಿಳಿಯಲು ಫೋನಿನ ನಕ್ಷತ್ರಗಳಿಗಿಂತ ಸಾಲಿನಲ್ಲಿ ನಿಂತವರನ್ನು ನೋಡಿ: ಮನೆಯ ಉಡುಪಿನಲ್ಲಿ, ಪಾರ್ಸೆಲ್‌ಗಾಗಿ ಬಂದ ಊರಿನ ಹಿರಿಯರು ಎಲ್ಲಿ ನಿಂತಿದ್ದಾರೋ ಅಲ್ಲಿ ನಿಲ್ಲಿ.

ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು ಉಣ್ಣುವ ಊಟ ಒಂದಾದರೂ ಬೇಕೆನಿಸಿದರೆ ಅದನ್ನು ನ್ಯೋನ್ಯಾ ಅಡುಗೆಗೆ ಮೀಸಲಿಡಿ. ದ್ವೀಪದಲ್ಲಿ ತಲೆಮಾರುಗಳಿಂದ ನೆಲೆಸಿ ಮಲಯ ರೀತಿನೀತಿಗಳನ್ನು ಬೆರೆಸಿಕೊಂಡ ಚೀನೀ ಮನೆತ‌ನಗಳ ಅಡುಗೆ ಅದು. ಪೆನಾಂಗಿನದು ಥಾಯ್ ಪ್ರಭಾವದಿಂದಾಗಿ ಹುಳಿ ಖಾರ ಮುಂದಾದದ್ದು. ಕರಿ ಕಪಿತಾನ್ ಎಂಬ ಕೋಳಿಯ ಗೊಜ್ಜು ನಿಮಗೆ ಖಂಡಿತ ಹಿಡಿಸುತ್ತದೆ. ಬಿಷಪ್ ಬೀದಿಯ ಆಂಟಿ ಗೇಕ್ ಲೀನ್ಸ್ ಎಂಬ ಊಟದ ಮನೆಗೆ 2022ರ ಡಿಸೆಂಬರಿನಲ್ಲಿ ಪ್ರಕಟವಾದ ಕ್ವಾಲಾಲಂಪುರ ಮತ್ತು ಪೆನಾಂಗ್‌ಗಳ ಮೊದಲ ಮಿಷೆಲಿನ್ (ಉತ್ತಮ ಊಟದ ಮನೆಗಳಿಗೆ ನಕ್ಷತ್ರ ಕೊಡುವ ಕೈಪಿಡಿ) ಪಟ್ಟಿಯಲ್ಲಿಯೇ ಒಂದು ನಕ್ಷತ್ರ ಸಿಕ್ಕಿತು. ಅಂಥ ಕಡೆ ಹೋಗುವುದಾದರೆ ಮೊದಲೇ ಮೇಜು ಕಾಯ್ದಿರಿಸಬೇಕು. ಬೆಲಾಚಾನ್ ಈ ಅಡುಗೆಯ ಬೆನ್ನೆಲುಬಾದ್ದರಿಂದ ಸಸ್ಯಾಹಾರಿಗಳಿಗೆ ಇಲ್ಲಿ ಹೆಚ್ಚೇನೂ ಸಿಗದು.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪೆನಾಂಗಿನಲ್ಲಿ ಮಳೆ ಜಾಸ್ತಿ, ಅದೂ ಹಲವು ಸಲ ಸಂಜೆಯೇ ಸುರಿಯುತ್ತದೆ. ಬಯಲಿನ ಗಾಡಿಗಳು ಅಂಥ ದಿನ ತೆರೆಯದೆಯೂ ಇರಬಹುದು, ಆಗ ಮಾಡು ಇರುವ ಕೊಪಿಟಿಯಾಮ್‌ಗಳಿಗೆ ಹೋಗಿ. ಗಾಡಿಯವರ ವಾರದ ರಜೆ ಒಬ್ಬೊಬ್ಬರದು ಒಂದೊಂದು ದಿನ, ಆದ್ದರಿಂದ ದೂರದ ಒಂದು ಗಾಡಿಯನ್ನು ನಂಬಿ ಹೊರಡುವ ಮೊದಲು ತೆರೆದಿದೆಯೇ ಎಂದು ನೋಡಿಕೊಳ್ಳಿ, ಹತ್ತಿರದಲ್ಲಿಯೇ ಇನ್ನೊಂದನ್ನು ಗುರುತು ಮಾಡಿಟ್ಟುಕೊಳ್ಳಿ. ರೆಸಾರ್ಟಿಗೆ ಮುಂಗಡ ಕೊಟ್ಟಾಗಿದ್ದು ಬದಲಿಸಲು ಬಾರದಿದ್ದರೆ ಊಟದ ಭಾಗವನ್ನಾದರೂ ತೆಗೆಸಿಹಾಕಿ. ಬಟು ಫೆರಿಂಗ್ಗಿಯಿಂದ ಪಟ್ಟಣಕ್ಕೆ 101ನೆಯ ಬಸ್ಸಿದೆ, ಬೆಳಿಗ್ಗೆ ಹೊರಟು ಬಂದು ಸಂಜೆಯ ಊಟ ಮುಗಿಸಿಯೇ ಮರಳಬಹುದು, ಬರುವಾಗ ಮರುದಿನ ಬೆಳಿಗ್ಗೆಗೆ ತಾಯಿಯವರಿಗೆ ಬೇಕಾದ ಹಣ್ಣುಹಂಪಲನ್ನು ಮಾರುಕಟ್ಟೆಯಿಂದಲೇ ಕೊಂಡುಬನ್ನಿ.